ಚಾಲೇಲ್, ಅಂದರೆ ನಡೀತದ

ನಮ್ಮ ಗಾಡಿ ಕೂತಿದೆಯೆಂದು ಮೊದಲು ತಿಳಿಸಿದವನು ನಾಶಿಕದ ನಮ್ಮ ಸೊಸೈಟಿಯ ವಾಚ್‌ಮನ್. ಬೆಳಿಗ್ಗೆ ಹಾಲಿಗೆಂದು ಕೆಳಗಿಳಿದವನನ್ನು ಮೆಟ್ಟಿಲ ಬಳಿಯೇ ತಡೆದು, ಯಾರೋ ತೀರಿಕೊಂಡ ಸುದ್ದಿ ಹೇಳುವವನ ಹಾಗೆ ದನಿ ತಗ್ಗಿಸಿ, "ಸಾಹೇಬ್, ತುಮಚೀ ಗಾಡೀ ಬಸ್ಲೀ," ಎಂದ. ಮರಾಠಿಯಲ್ಲಿ ಕೂರುವುದೆಂಬ ಮಾತಿಗೆ ಅರ್ಥಗಳು ಹಲವು. ದನಿ ಕೂತರೆ ಗಂಟಲು ಕಟ್ಟಿತೆಂದು, ಇಂಜಿನ್ ಕೂತರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ನಾನು ಆ ಯಾವ ಅರ್ಥವನ್ನು ಹಿಡಿಯಬೇಕೆಂದು ಯೋಚಿಸುತ್ತ ಪಾರ್ಕಿಂಗಿಗೆ ಹೋಗಿ ನೋಡಿದರೆ, ಗಾಡಿ ಅಕ್ಷರಶಃ ಕೂತಿತ್ತು. ಮೂರು ಮೂಲೆಗಳು ನೆಟ್ಟಗಿದ್ದವು. ಎಡಬದಿಯ ಹಿಂದಿನ ಮೂಲೆ ಮಾತ್ರ ಚಕ್ರವನ್ನು ಅರ್ಧ ನುಂಗಿಕೊಂಡು ನೆಲಕ್ಕೆ ಇಳಿದಿತ್ತು. ವಾಚ್‌ಮನ್ ಪಕ್ಕದಲ್ಲಿ ನಿಂತು, "ಮ್ಹಾತಾರೀ ಝಾಲೀ," ಎಂದು ಸೇರಿಸಿದ. ಮುದುಕಿಯಾಗಿದೆ ಎಂದು ಅವನು ಹೇಳಿದ್ದು ಗಾಡಿಗೇ ಆದರೂ, ಹೇಳುವಾಗ ನನ್ನ ಕಡೆಗೊಮ್ಮೆ ನೋಡಿದ್ದನ್ನು ನಾನು ಮರೆತಿಲ್ಲ.

ಗಾಡಿಯ ಬೇರೆ ಯಾವ ಮೂಲೆ ಇಳಿದಿದ್ದರೂ ನಾನು ಅಷ್ಟು ಕಂಗೆಡುತ್ತಿರಲಿಲ್ಲ. ಎಡಬದಿಯ ಹಿಂದಿನ ಸೀಟು ನನ್ನ ಹೆಂಡತಿಯದು. ಅವಳ ಬೆನ್ನುಮೂಳೆಯ ಆಪರೇಶನ್ ಆದಂದಿನಿಂದ, ಮನೆಯ ಮಂಚವೊಂದನ್ನು ಬಿಟ್ಟರೆ ಅವಳು ನೋವಿಲ್ಲದೆ ಒರಗಬಹುದಾಗಿದ್ದ ಜಾಗ ಈ ಭೂಮಿಯ ಮೇಲೆ ಅದೊಂದೇ ಇತ್ತು. ಬಸ್ಸು ಆಗದು, ರಿಕ್ಷಾ ಆಗದು, ನಮ್ಮ ಮಗಳ ಚಿಕ್ಕ ಕಾರು ಓಣಿ ದಾಟುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ರೈಲಿಗೆ ಹೋಗೋಣವೆಂದರೆ ಸ್ಟೇಶನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳು, ಆಮೇಲೆ ಬೋಗಿಯ ಕಡಿದಾದ ಮೆಟ್ಟಿಲುಗಳು. ಆದರೆ ಅವಳು ಹೋಗಲೇಬೇಕಿತ್ತು. ಅವಳ ತಾಯಿ ಛತ್ರಪತಿ ಸಂಭಾಜಿನಗರದಲ್ಲಿ ಕಿರಿಯ ಮಗಳ ಮನೆಯಲ್ಲಿದ್ದಾರೆ. ವಯಸ್ಸು ಎಷ್ಟೆಂದು ಅವರಿಗೇ ಖಚಿತವಿಲ್ಲ. ಊರ ಹೆಸರು ಬದಲಾದದ್ದನ್ನು ಇನ್ನೂ ಒಪ್ಪಿಕೊಂಡಿಲ್ಲ. ತಿಂಗಳಿಗೊಮ್ಮೆ ಹಿರಿಯ ಮಗಳ ಮುಖ ನೋಡದಿದ್ದರೆ ಊಟ ಬಿಡುತ್ತಾರೆ. ಹೀಗಾಗಿ ಎಡಬದಿಯ ಹಿಂದಿನ ಮೂಲೆ ಎಂದರೆ ನಮ್ಮ ಮನೆಯಲ್ಲಿ ಒಂದು ಗಾಡಿಯ ಮೂಲೆಯಷ್ಟೇ ಆಗಿರಲಿಲ್ಲ. ತಾಯಿ ಮಗಳು ಭೇಟಿಯಾಗುವ ದಾರಿಯೇ ಅದಾಗಿತ್ತು.

ಈ ಗಾಡಿ ನಮ್ಮ ಮನೆಗೆ ಬಂದದ್ದು ನನ್ನ ಷಡ್ಡಕನಿಂದ, ಅಂದರೆ ಹೆಂಡತಿಯ ತಂಗಿಯ ಗಂಡನಿಂದ. ಅವರು ಕಲಬುರಗಿ ಕಡೆಯವರು. ಸಂಭಾಜಿನಗರದಲ್ಲಿ ತೊಗರಿಬೇಳೆಯ ವ್ಯಾಪಾರ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದ್ದರಿಂದ ನನ್ನನ್ನು "ಅಣ್ಣಾರ" ಎನ್ನುತ್ತಾರೆ. ಆ ಒಂದು ಶಬ್ದದಲ್ಲಿ ಎಷ್ಟು ಗೌರವ ಇರಬೇಕೋ ಅಷ್ಟನ್ನೂ ಇಟ್ಟು, ಮುಂದಿನ ವಾಕ್ಯದಲ್ಲಿ ಅದನ್ನು ಬಡ್ಡಿಸಹಿತ ವಾಪಸು ತೆಗೆದುಕೊಳ್ಳುವುದು ಅವರ ಪದ್ಧತಿ. ಆಪರೇಶನ್ ಆದ ಮೇಲೆ ಹೆಂಡತಿಯನ್ನು ತಾಯಿಯ ಮನೆಗೆ ಕರೆದೊಯ್ಯಲು ಅವರು ತಮ್ಮ ಈ ದೊಡ್ಡ ವಿಲಾಯತಿ ಗಾಡಿಯನ್ನೇ ಕಳಿಸಿದ್ದರು. ಅದು ಆಗಲೇ ಹಳೆಯದು, ಆದರೆ ಮೈಬಣ್ಣ ಮಾಸಿರಲಿಲ್ಲ. ಅದರ ಚಕ್ರಗಳ ಮೇಲೆ ಉಕ್ಕಿನ ಸ್ಪ್ರಿಂಗುಗಳ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿದ್ದವು. ರಸ್ತೆಯ ತಗ್ಗು ದಿಣ್ಣೆಗಳನ್ನೆಲ್ಲ ಆ ಚೀಲಗಳು ತಮ್ಮಲ್ಲೇ ನುಂಗಿಕೊಳ್ಳುತ್ತಿದ್ದವು. ನಿಫಾಡ ದಾಟುವಷ್ಟರಲ್ಲಿ ಹೆಂಡತಿಗೆ ನಿದ್ದೆ ಹತ್ತಿತು. ಆಪರೇಶನ್ ಆದ ಮೇಲೆ ಅವಳು ಒರಗಿದಲ್ಲಿಯೇ ನಿದ್ದೆ ಹೋದದ್ದು ಅದೇ ಮೊದಲು. ನಾನು ಮುಂದಿನ ಸೀಟಿನಿಂದ ತಿರುಗಿ ತಿರುಗಿ ನೋಡಿ, ಯೇವಲಾ ಬರುವುದರೊಳಗೆ ಇದನ್ನು ಕೊಳ್ಳುವ ಮನಸ್ಸು ಮಾಡಿಬಿಟ್ಟಿದ್ದೆ.

ಷಡ್ಡಕರು ಹೊಸ ಗಾಡಿ ಕೊಳ್ಳುವವರಿದ್ದರು. "ಅಣ್ಣಾರ, ಬ್ಯಾರೆಯವರಿಗೆ ಕೊಡೋದಕಿಂತ ಮನ್ಯಾಗೇ ಇರ್ಲಿ ಬಿಡ್ರಿ," ಎಂದರು. ಗಾಡಿ ಪಡೆಯುವ ದಿನ ನಾನು ಜೇಬಿನಲ್ಲಿ ಚಿಕ್ಕ ಟಾರ್ಚ್ ಇಟ್ಟುಕೊಂಡು ಹೋಗಿದ್ದೆ. ಅವರ ಅಂಗಳದಲ್ಲಿ ಮುಂಭಾಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ತೆಂಗಿನಕಾಯಿ ಇಟ್ಟುಕೊಂಡು ಎಲ್ಲರೂ ಕಾದು ನಿಂತಿದ್ದರು. ನಾನು ಟಾರ್ಚ್ ತೆಗೆದು ಹಿಂದಿನ ಚಕ್ರದ ಬಳಿ ಬಗ್ಗಿದೆನೋ ಇಲ್ಲವೋ, ಷಡ್ಡಕರು ಎಲ್ಲರಿಗೂ ಕೇಳುವ ಹಾಗೆ, "ಏನ್ರಿ ಅಣ್ಣಾರ, ನಮ್ಮ ಮನಿ ಅಂಗಳದಾಗೂ ಇನ್‌ಸ್ಪೆಕ್ಷನ್ ಏನು? ಹೆಣ್ಣು ಕೊಟ್ಟ ಮನೀ ಕಡೀದು, ಪಾಸ್ ಮಾಡ್ರಿ," ಎಂದರು. ಅಂಗಳ ನಕ್ಕಿತು. ಅತ್ತೆಯವರು ಮಂಚದ ಮೇಲಿಂದಲೇ ನಕ್ಕರು. ಹೆಂಡತಿ ನಗಲಿಲ್ಲ. ನನ್ನನ್ನೊಮ್ಮೆ ನೋಡಿದಳು, ಅಷ್ಟೇ. ನಮ್ಮ ಕಡೆ ಬೀಗರು ಕೊಟ್ಟ ವಸ್ತುವನ್ನು ತಿರುವಿ ನೋಡಬಾರದು. ಉಡುಗೊರೆಯ ಸೀರೆಯ ಸೆರಗನ್ನು ಅವರೆದುರು ಬಿಡಿಸಿ ನೋಡುವುದೂ ಅಪಮಾನವೇ. ಹಣ ಕೊಟ್ಟು ಕೊಂಡದ್ದಕ್ಕೂ ಈ ನಿಯಮ ಅನ್ವಯಿಸುತ್ತದೆಯೇ ಎಂದು ಯಾರನ್ನು ಕೇಳಲಿ? ಟಾರ್ಚ್ ಜೇಬಿಗೆ ಹೋಯಿತು, ಕಾಯಿ ಒಡೆಯಿತು.

ಓಝರಿನ ವಿಮಾನ ಕಾರ್ಖಾನೆಯಲ್ಲಿ ನನ್ನ ಇಡೀ ನೌಕರಿ ತಪಾಸಣೆಯ ಮೇಜಿನಲ್ಲೇ ಕಳೆಯಿತು. ಬೀದರ ಜಿಲ್ಲೆಯಿಂದ ಬಂದ ನನ್ನಂಥವರು ಅಲ್ಲಿ ಹಲವರಿದ್ದೆವು. ಮಾತು ಕನ್ನಡದಲ್ಲಿ ಶುರುವಾಗಿ, ಹಿಂದಿಯಲ್ಲಿ ಹೊರಳಿ, ಮರಾಠಿಯಲ್ಲಿ ಮುಗಿಯುತ್ತಿತ್ತು. ನನ್ನ ಮೇಜಿನಲ್ಲಿ ಒಂದೇ ಒಂದು ಮಾತಿಗೆ ನಿಷೇಧವಿತ್ತು. ಮರಾಠಿಯವರು ತಂದರೆ "ಚಾಲೇಲ್", ನಮ್ಮವರು ತಂದರೆ "ನಡೀತದ". ಎರಡೂ ಒಂದೇ. ಓಡುತ್ತದೆ ಎಂದೂ ಅರ್ಥ, ಇಷ್ಟಕ್ಕೆ ಸಾಕು ಬಿಡಿ ಎಂದೂ ಅರ್ಥ. ಯಾರಾದರೂ ಕೂದಲೆಳೆಯಷ್ಟು ಅಳತೆ ತಪ್ಪಿದ ಬಿಡಿಭಾಗ ತಂದಿಟ್ಟು, "ನಡೀತದ್ರಿ ಸರ್," ಎಂದರೆ, "ನಾವು ಇಲ್ಲಿ ನಡಿಯೂದು ಮಾಡ್ಲಿಕತ್ತೀವೋ, ಹಾರೂದು ಮಾಡ್ಲಿಕತ್ತೀವೋ?" ಎಂದು ಕೇಳಿ ವಾಪಸು ಕಳಿಸುತ್ತಿದ್ದೆ. ನನಗೆ ಹಿಂದಿನಿಂದ ಅಡ್ಡಹೆಸರಿಟ್ಟಿದ್ದರು. ಯಾರಿಟ್ಟರೆಂಬುದು ಗೊತ್ತಿದೆ, ಇಲ್ಲಿ ಬರೆಯುವುದಿಲ್ಲ. ನಾನು ಸಹಿ ಹಾಕಿದ ಯಾವ ಭಾಗವೂ ವಾಪಸು ಬಂದದ್ದಿಲ್ಲ ಎಂಬುದನ್ನು ಮಾತ್ರ ಬರೆದಿಡುತ್ತೇನೆ.

ಇಂಥವನ ಮನೆಗೆ ಬಂದ ಆ ಗಾಡಿ, ಮೊದಲ ಬೇಸಿಗೆಯಲ್ಲೇ ತನ್ನ ಕಥೆ ಬಿಚ್ಚತೊಡಗಿತು. ಇಂಜಿನ್ನಿನ ಮೇಲ್ಮುಚ್ಚಳದ ರಬ್ಬರು ಒಣಗಿ ಎಣ್ಣೆ ಜಿನುಗಿ, ಬಿಸಿ ಕೊಳವೆಯ ಮೇಲೆ ಬಿದ್ದು, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಒಳಗೆ ಕರಟಿದ ವಾಸನೆ ಬರುತ್ತಿತ್ತು. ಇಂಜಿನ್ನನ್ನು ತಂಪಾಗಿಡುವ ನೀರಿನ ಪೈಪುಗಳ ಕೀಲುಗಳನ್ನು ಮಾಡಿದ್ದು ಪ್ಲಾಸ್ಟಿಕ್ಕಿನಿಂದ. ವರ್ಷಗಟ್ಟಲೆ ಕಾದು ಕಾದು ಅವು ಹಪ್ಪಳದಂತಾಗಿದ್ದವು. ಒಂದನ್ನು ಬದಲಿಸಲು ಕೈಹಾಕಿದರೆ ಪಕ್ಕದ್ದು ಮುರಿಯುತ್ತಿತ್ತು. ಲಾಸಲಗಾಂವ್ ಫಾಟ್ಯಾ, ಅಂದರೆ ಆ ಊರಿನ ಕವಲುದಾರಿಯ ಹತ್ತಿರ, ಮುಂದೆ ಈರುಳ್ಳಿಯ ಟ್ರ್ಯಾಕ್ಟರುಗಳ ಸಾಲು, ಹಿಂದೆ ಇನ್ನೊಂದು ಸಾಲು, ನಡುವೆ ನಮ್ಮ ಗಾಡಿ ಹೊಗೆಯಾಡಿ ನಿಂತದ್ದುಂಟು. ಟ್ರ್ಯಾಕ್ಟರಿನವನೊಬ್ಬ ಇಳಿದು ಬಂದು, ತನ್ನ ಕುಡಿಯುವ ನೀರಿನ ಕ್ಯಾನನ್ನೇ ಕೊಟ್ಟು, "ಏವಢೀ ಮೋಠೀ ಗಾಡೀ, ಆಣಿ ಪಾಣೀ ಮಾಗತೇ?" ಎಂದ. ಇಷ್ಟು ದೊಡ್ಡ ಗಾಡಿ ನೀರು ಬೇಡುತ್ತದೆಯೇ ಎಂದು. ನೀರಿಗೆ ಕೃತಜ್ಞನಾಗಿದ್ದೇನೆ, ಮಾತಿಗಲ್ಲ. ಕಿಟಕಿಯ ಗಾಜು ಒಂದು ದಿನ ಬಾಗಿಲೊಳಗೆ ಬಿದ್ದು ಮೇಲೆ ಬರಲಿಲ್ಲ. ಬ್ಯಾಟರಿಗೆ ಸ್ವಲ್ಪ ದಣಿವಾದರೂ ಮುಂದಿನ ಪರದೆಯಲ್ಲಿ ಬ್ರೇಕು, ಸ್ಟಿಯರಿಂಗು, ಏರ್‌ಬ್ಯಾಗು ಎಲ್ಲವೂ ಕೆಟ್ಟಿವೆಯೆಂದು ಕೆಂಪು ಹಳದಿ ದೀಪಗಳು ಸಾಲುಗಟ್ಟುತ್ತಿದ್ದವು. ಯಾವುದು ನಿಜ, ಯಾವುದು ಬ್ಯಾಟರಿಯ ಬಡಬಡಿಕೆ ಎಂದು ತಿಳಿಯಲು ಕಂಪ್ಯೂಟರ್ ಜೋಡಿಸಬೇಕು, ಜೋಡಿಸುವುದಕ್ಕೇ ಬೇರೆ ದುಡ್ಡು. ವಿಮೆಯವರು ಅಪಘಾತಕ್ಕೆ ಕೊಡುತ್ತಾರೆ, ಮುಪ್ಪಿಗೆ ಕೊಡುವುದಿಲ್ಲ. ಗಾಡಿಯ ಬೆಲೆ ವರ್ಷವರ್ಷಕ್ಕೆ ಇಳಿಯುತ್ತ ಬಂತು. ಅದರ ಬಿಡಿಭಾಗಗಳ ಬೆಲೆಗೆ ಮಾತ್ರ ಆ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಪಿಂಚಣಿಯಿಂದ ಬಂದದ್ದು ಮೊದಲು ಗಾಡಿಗೆ, ಉಳಿದದ್ದು ಮನೆಗೆ ಎನ್ನುವಂತಾಯಿತು.

ಗಾಡಿ ಕೂತ ಮೇಲೆ ಮೊದಲು ಹೋದದ್ದು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ. ಅಲ್ಲಿ ಹೊಸ ಗಾಡಿಗಳವರನ್ನು ಗಾಜಿನ ಕೋಣೆಯ ಸೋಫಾಗಳಲ್ಲಿ ಕೂರಿಸಿ ಕಾಫಿ ಕೊಡುತ್ತಾರೆ. ನನಗೆ ತೋರಿಸಿದ್ದು ಕೌಂಟರಿನ ಬದಿಯ ಪ್ಲಾಸ್ಟಿಕ್ ಕುರ್ಚಿ. ಇಸ್ತ್ರಿ ಮಾಡಿದ ಅಂಗಿಯ ತರುಣನೊಬ್ಬ ಬಂದು, ಗಾಳಿಯ ಚೀಲ ಹರಿದಿದೆ, ಅದಕ್ಕೆ ಗಾಳಿ ತುಂಬಿ ತುಂಬಿ ಪಂಪು ಕೂಡ ಸವೆದಿದೆ, ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು ಎಂದು ವಿವರಿಸಿ, ಒಟ್ಟು ಮೊತ್ತ ತೋರಿಸಿದ. ನಾನು ಷಡ್ಡಕರಿಗೆ ಇಡೀ ಗಾಡಿಗೆ ಕೊಟ್ಟದ್ದಕ್ಕಿಂತ ಅದು ತುಸುವೇ ಕಡಿಮೆಯಿತ್ತು. ಅವನು ಮರುಕದಿಂದ, "ಸರ್, ಇಸ್ಕಾ ಕುಛ್ ಸೋಚಾ ಹೈ ಆಪನೇ?" ಎಂದು ಕೇಳಿದ. ಇದರ ಬಗ್ಗೆ ಏನಾದರೂ ಯೋಚಿಸಿದ್ದೀರಾ ಎಂದು. ಆಸ್ಪತ್ರೆಯಲ್ಲಿ, ಇನ್ನು ಮನೆಗೆ ಕರೆದೊಯ್ಯುವುದು ಒಳ್ಳೆಯದು ಎನ್ನುವಾಗ ಡಾಕ್ಟರರು ಬಳಸುವ ದನಿ ಅದು. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಕಾಫಿ ಕೊನೆಗೂ ಬರಲಿಲ್ಲ.

ಆಮೇಲೆ ನಾಶಿಕದ ಅಂಬಡ ಬಡಾವಣೆಯ ಖಾಸಗಿ ಗ್ಯಾರೇಜು. ಅದರ ಮಾಲೀಕ ನಲವತ್ತರ ಆಸುಪಾಸಿನವನು, ಸದಾ ಹಸನ್ಮುಖಿ, ಕಿವಿಯಲ್ಲಿ ಯಾವಾಗಲೂ ಫೋನು. ನನ್ನನ್ನು "ಕಾಕಾ" ಎಂದು ಕರೆಯುತ್ತಾನೆ. ಗಾಳಿಯ ಚೀಲಕ್ಕೆ ಅವನ ಭಾಷೆಯಲ್ಲಿ "ಫುಗಾ", ಅಂದರೆ ಪುಗ್ಗೆ. ಅವನೇ ಗಾಡಿಯನ್ನು ಎತ್ತಿ, ಚೀಲವನ್ನು ಬಿಚ್ಚಿ ನನ್ನ ಕೈಗಿತ್ತ. ಬಿರುಕಿನ ಪಕ್ಕದಲ್ಲಿ ಇನ್ನೊಂದು ಹಳೆಯ ಬಿರುಕಿತ್ತು. ಅದಕ್ಕೆ ಸೈಕಲ್ ಟ್ಯೂಬಿಗೆ ಹಚ್ಚುವಂತೆ ತೇಪೆ ಹಚ್ಚಿದ್ದರು. ತೇಪೆ ನನ್ನ ಕಾಲದ್ದಲ್ಲ. ಆ ಅಂಗಳದಲ್ಲಿ ನನ್ನ ಟಾರ್ಚಿಗೆ ಇನ್ನೊಂದು ನಿಮಿಷ ಸಿಕ್ಕಿದ್ದರೆ ಕಾಣುತ್ತಿದ್ದ ತೇಪೆ. ನಾನು ಅದರ ಅಂಚನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಮಾಲೀಕ, "ಕಾಕಾ, ಟೆನ್ಶನ್ ಘೇಊ ನಕಾ. ತಾತ್ಪುರ್ತಾ ಅಜೂನ್ ಏಕ್ ಪ್ಯಾಚ್ ಮಾರತೋ. ಚಾಲೇಲ್," ಎಂದ. ಸದ್ಯಕ್ಕೆ ಇನ್ನೊಂದು ತೇಪೆ. ನಾನು ನನ್ನ ಮರಾಠಿಯನ್ನೆಲ್ಲ ಒಟ್ಟುಗೂಡಿಸಿ, ಆ ಮೂಲೆಯಲ್ಲಿ ಯಾರು ಕೂರುತ್ತಾರೆ, ಅವರ ಬೆನ್ನಿಗೆ ಏನಾಗಿದೆ, ಅವರು ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಅವನಿಗೆ ತಿಳಿಸಿ ಹೇಳಿದೆ. ಅವನು ಫೋನನ್ನು ಕಿವಿಯಿಂದ ತೆಗೆದು ಕೇಳಿಸಿಕೊಂಡ. ಅಷ್ಟರಮಟ್ಟಿಗೆ ಅವನ ಮೇಲೆ ದೂರಿಲ್ಲ.

ತೇಪೆ ಮಳೆಗಾಲದವರೆಗೆ ಹಿಡಿಯಿತು. ಮಳೆಗಾಲದ ನಡುವೆ ಗಾಡಿ ಮತ್ತೆ ಕೂತಿತು, ಈ ಸಲ ಹಿಂಭಾಗವೆಲ್ಲ. ಅದನ್ನು ಗ್ಯಾರೇಜಿಗೆ ಎಳೆಸಿದ ಮರುದಿನವೇ ಸಂಭಾಜಿನಗರದಿಂದ ಫೋನು. ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ, ಜ್ವರ ಇಳಿಯುತ್ತಿಲ್ಲ, ಹಿರಿಯ ಮಗಳ ಹೆಸರು ಹಿಡಿದು ಕರೆಯುತ್ತಿದ್ದಾರೆ. ಷಡ್ಡಕರು ಫೋನಿನಲ್ಲಿ, "ಅಣ್ಣಾರ, ನಮ್ಮ ಹೊಸಾ ಗಾಡಿ ಕಳಸ್ಲೇನು?" ಎಂದರು. ಅವರ ಹೊಸ ಗಾಡಿ ಜೀಪಿನ ಎತ್ತರದ್ದು. ಅದಕ್ಕೆ ಹತ್ತಲು ಕಾಲೆತ್ತಬೇಕು, ನನ್ನ ಹೆಂಡತಿಗೆ ಆಗದ ಕೆಲಸವೇ ಅದು. "ಹಂಗಾರ ಅಂಬ್ಯುಲೆನ್ಸ್ ಮಾಡಸ್ರಿ," ಎಂದರು. ಹೆಂಡತಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡು, "ಬಾಗಲಿಗೆ ಅಂಬ್ಯುಲೆನ್ಸ್ ಬಂದ್ರ ಅವ್ವ ಅಲ್ಲೇ ಎದಿ ಒಡಕೋತಾಳ. ಬ್ಯಾಡ. ನಮ್ಮ ಗಾಡಿ ಯಾವಾಗ ಕೊಡ್ತಾನಂತ ಕೇಳ್ರಿ," ಎಂದಳು.

ಕೇಳಿದೆ. ಗ್ಯಾರೇಜಿನ ಮಾಲೀಕನ ಹಿಂದೆ ಯಾವುದೋ ಯಂತ್ರ ಗಿರಗಿರ ಸದ್ದು ಮಾಡುತ್ತಿತ್ತು. "ಕಾಕಾ, ಓರಿಜಿನಲ್ ಫುಗಾ ಯಾಯಲಾ ವೇಳ್ ಲಾಗೇಲ್," ಎಂದ. ಅಸಲಿ ಚೀಲ ಬರಲು ತಡವಾಗುತ್ತದೆ. "ಸಾಧೀ ಸ್ಪ್ರಿಂಗ್ ಟಾಕತೋ. ಉದ್ಯಾ ಗಾಡೀ ಘೇಊನ್ ಜಾ." ಉಕ್ಕಿನ ಸಾದಾ ಸ್ಪ್ರಿಂಗು ಹಾಕುತ್ತೇನೆ, ನಾಳೆಯೇ ಒಯ್ಯಿರಿ ಎಂದು. ಅವಳ ಬೆನ್ನಿಗೆ ಇದು ಸರಿಹೋದೀತೇ ಎಂಬ ಒಂದೇ ಪ್ರಶ್ನೆ ನನ್ನಲ್ಲಿತ್ತು. ಅದನ್ನೇ ಕೇಳಿದೆ. "ಚಾಲೇಲ್?"

"ಚಾಲೇಲ್, ಚಾಲೇಲ್," ಎಂದ. ಫೋನು ಕಟ್ಟಾಯಿತು.

ಮರುದಿನ ಗಾಡಿ ನಾಲ್ಕೂ ಮೂಲೆಗಳಲ್ಲಿ ಸಮನಾಗಿ, ಎದೆಯುಬ್ಬಿಸಿ ನಿಂತಿತ್ತು. ನಾನು ಡಿಕ್ಕಿಯ ಮೇಲೆ ಅಂಗೈಯಿಟ್ಟು ಒತ್ತಿದೆ. ಅದು ಬಗ್ಗಲಿಲ್ಲ. "ಕಡಕ್ ವಾಟತೇ," ಎಂದೆ. ಬಿಗಿಯೆನ್ನಿಸುತ್ತದೆ. ಮಾಲೀಕ ನಕ್ಕು, "ನವೀನ್ ಆಹೇ, ಕಾಕಾ. ಬಸೇಲ್," ಎಂದ. ಹೊಸದಲ್ಲವೇ, ಕೂರುತ್ತದೆ ಎಂದು. ಕೂತದ್ದಕ್ಕೆಂದೇ ಗ್ಯಾರೇಜಿಗೆ ತಂದ ಗಾಡಿ ಇನ್ನು ಮೇಲೆ ಕೂತರೆ ಸರಿಹೋಗುತ್ತದೆ ಎಂಬ ಭರವಸೆಯನ್ನು ಹೊತ್ತು ಮನೆಗೆ ಬಂದೆ. ಬೇರೆ ದಾರಿ ಇದ್ದಿದ್ದರೆ ನಾನು ಆ ಗಾಡಿಗೆ ಸಹಿ ಹಾಕುವವನಲ್ಲ.

ಹೊಸ ಮಹಾಮಾರ್ಗ ಹಿಡಿಯಿರಿ ಎಂದು ಷಡ್ಡಕರು ಹೇಳಿದ್ದರು. ಅಲ್ಲಿ ಗಾಡಿ ನಿಂತರೆ ನೆರಳಿಗೊಂದು ಗಿಡವಿಲ್ಲ, ಕೇಳಿದರೆ ಹನಿ ನೀರು ಕೊಡುವವರಿಲ್ಲ. ನಾನು ಹಳೆಯ ರಸ್ತೆಯನ್ನೇ ಹಿಡಿದೆ. ನಾಶಿಕ ಬಿಡುವಾಗಲೇ ನನಗೆ ತಿಳಿದುಹೋಯಿತು. ಮಳೆಗೆ ಕಿತ್ತುಹೋದ ರಸ್ತೆಯ ಪ್ರತಿ ಕಲ್ಲೂ ಸ್ಟಿಯರಿಂಗಿನ ಮೂಲಕ ನನ್ನ ಅಂಗೈಗೆ ಬಂದು ಹೊಡೆಯುತ್ತಿತ್ತು. ನನಗೆ ಅಂಗೈಗೆ ಹೊಡೆದದ್ದು ಅವಳಿಗೆ ಎಲ್ಲಿ ಹೊಡೆಯುತ್ತಿರಬಹುದು? ಕನ್ನಡಿಯಲ್ಲಿ ನೋಡಿದರೆ, ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆಯಲ್ಲ, ಹುಬ್ಬು ಗಂಟಿಕ್ಕಿತ್ತು. ನಿಧಾನ ಮಾಡಿದೆ. ಹಿಂದಿನ ಟ್ರಕ್ಕಿನವರು ಹಾರ್ನ್ ಹೊಡೆದು, ಪಕ್ಕದಲ್ಲಿ ದಾಟುವಾಗ ಇಷ್ಟು ದೊಡ್ಡ ಗಾಡಿಗೆ ಏನು ಬಂತು ಎನ್ನುವಂತೆ ಬಗ್ಗಿ ನೋಡಿ ಹೋಗುತ್ತಿದ್ದರು.

ಯೇವಲಾದ ಪೇಟೆ ಬಂತು. "ರೀ, ಸ್ವಲ್ಪ ನಿಂದರಸ್ರಿ," ಎಂದಳು.

"ಏನಾತು?"

"ಏನಿಲ್ಲ. ನಿಂದರಸ್ರಿ."

ಪೈಠಣಿ ಸೀರೆಯ ಅಂಗಡಿಯೊಂದರ ಮುಂದೆ ನಿಲ್ಲಿಸಿದೆ. ಕೈಹಿಡಿದು ಇಳಿಸಿದೆ. ಅವಳು ಗಾಡಿಯ ಬಾಗಿಲನ್ನು ಎರಡೂ ಕೈಯಿಂದ ಹಿಡಿದು, ಹಣೆಯನ್ನು ಗಾಜಿಗೆ ಆನಿಸಿ ನಿಂತಳು. ಅಂಗಡಿಯವನು ಗಿರಾಕಿ ಬಂದರೆಂದು ಹೊರಗೋಡಿ ಬಂದು, "ಯಾ ಮಾವಶೀ, ಆತ್ ಯಾ. ಬಸಾ, ಬಸಾ," ಎಂದು ಕರೆಯತೊಡಗಿದ. ಒಳಗೆ ಬಂದು ಕೂತುಕೊಳ್ಳಿ ಎಂಬ ಆ ಉಪಚಾರದ ಮಾತಿಗೆ ಅವಳಿಗೆ ನಗು ಬಂತೋ ಅಳು ಬಂತೋ, ಭುಜಗಳು ಅಲುಗಿದವು. ಸೆರಗಿನಿಂದ ಕಣ್ಣೊರೆಸಿಕೊಂಡು, "ಧೂಳು," ಎಂದಳು. ಮಳೆಗಾಲದಲ್ಲಿ ಎಲ್ಲಿಯ ಧೂಳು?

ನಾನು ಗಾಡಿಯನ್ನು ಒಂದು ಸುತ್ತು ಹಾಕಿದೆ. ಎಣ್ಣೆ ಜಿನುಗಿರಲಿಲ್ಲ, ಇಂಜಿನ್ ಕಾದಿರಲಿಲ್ಲ, ಪರದೆಯ ಮೇಲೆ ಗಾಳಿಯ ಚೀಲದ ಒಂದು ದೀಪ ಬಿಟ್ಟರೆ ಬೇರೆ ದೀಪವಿರಲಿಲ್ಲ. ಅದು ನಮ್ಮ ಮನೆಗೆ ಬಂದಂದಿನಿಂದ ಅಷ್ಟು ಚೆನ್ನಾಗಿ ಓಡಿದ್ದೇ ಇಲ್ಲ. ಯಾವುದಾದರೊಂದು ಕೆಟ್ಟಿದ್ದರೆ ಅದನ್ನು ಕಂಡುಹಿಡಿಯುವ ವಿದ್ಯೆ ನನಗೆ ಗೊತ್ತಿತ್ತು. ಏನೂ ಕೆಡದ ಗಾಡಿಯ ಮುಂದೆ ನಾನು ಮಾಡಬಹುದಾದದ್ದು ಯಾವುದೂ ಇರಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ.

"ಗಾಡಿ ಕೆಟ್ಟದೇನ್ರಿ?" ಎಂದು ಕೇಳಿದಳು.

"ಇಲ್ಲ. ಗಾಡಿಗೇನಾಗಿಲ್ಲ."

"ಹಂಗಾರ ನಡೀತದ. ನಡೀರಿ."

ನನ್ನ ಮೇಜಿನಲ್ಲಿ ನಿಷೇಧವಿದ್ದ ಮಾತು. ಅವಳಿಗೆ ಅದು ಗೊತ್ತಿತ್ತು, ಎಷ್ಟೋ ಸಲ ಅದೇ ಮಾತಿಗಾಗಿ ನನ್ನನ್ನು ಛೇಡಿಸಿದ್ದಳು. ಈಗ ಛೇಡಿಸುತ್ತಿರಲಿಲ್ಲ. ಮನೆಯಿಂದ ತಂದ ಹಾಸಿಗೆಯ ದುಪ್ಪಟಿಗಳನ್ನೆಲ್ಲ ಹಿಂದಿನ ಸೀಟಿನ ಮೇಲೆ ಒಂದರ ಮೇಲೊಂದು ಹಾಸಿ, ಅಡ್ಡಲಾಗಿ ಮಲಗಿಸಿದೆ. ಅಂಗಡಿಯವನೇ ಒಳಗಿನಿಂದ ಸೀರೆ ಮಡಿಸಿಡುವ ಮೆತ್ತನೆಯ ಗಾದಿಯೊಂದನ್ನು ತಂದು ಅವಳ ಕಾಲಡಿಗೆ ಇಟ್ಟ. ವಾಪಸು ಬರುವಾಗ ಕೊಡಿ ಎಂದ. ಆ ದಿನ ನನ್ನನ್ನು ಅಪಮಾನಿಸದ ಮನುಷ್ಯ ಅವನೊಬ್ಬನೇ.

ಸಂಭಾಜಿನಗರ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅವಳನ್ನು ಇಬ್ಬರು ಹಿಡಿದು ಒಳಗೆ ಕರೆದೊಯ್ದೆವು. ತಾಯಿಯ ಪಕ್ಕದಲ್ಲಿ ಕೂರಲಾಗದೆ ಅದೇ ಮಂಚದ ಮೇಲೆ, ತಾಯಿಯ ಮಗ್ಗುಲಲ್ಲೇ ಮಲಗಿಬಿಟ್ಟಳು. ಜ್ವರದಲ್ಲಿದ್ದ ಅತ್ತೆಯವರು ಕಣ್ಣು ತೆರೆದು, ಮಗಳ ಬೆನ್ನಿನ ಮೇಲೆ ಕೈಯಾಡಿಸುತ್ತ, "ನನ್ನ ನೋಡ್ಲಿಕ್ಕ ನೀ ಬಂದೀಯೋ, ನಿನ್ನ ನೋಡ್ಲಿಕ್ಕ ನಾ ಉಳದೀನೋ?" ಎಂದರು. ಇಬ್ಬರೂ ಹಾಗೆಯೇ ಒಬ್ಬರಿಗೊಬ್ಬರು ಮುಖಮಾಡಿ ಮಲಗಿದ್ದರು. ಸಂಜೆಗೆ ತಾಯಿಯ ಜ್ವರ ಇಳಿಯಿತು. ಮಗಳಿಗೆ ಏಳಲಾಗಲಿಲ್ಲ.

ನಾನು ಅಂಗಳಕ್ಕೆ ಬಂದೆ. ಷಡ್ಡಕರು ಗಾಡಿಯ ಸುತ್ತ ನಿಧಾನವಾಗಿ ಓಡಾಡುತ್ತಿದ್ದರು. ಡಿಕ್ಕಿಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದರು. ಇನ್‌ಸ್ಪೆಕ್ಷನ್! ಅದೇ ಅಂಗಳ, ಅದೇ ಗಾಡಿ.

"ಅಣ್ಣಾರ, ಇದರ ಮೆತ್ತಗಿರೂದು ಎಲ್ಲಿ ಹೋತ್ರಿ? ಟೆಂಪೋ ಮಾಡಿಟ್ಟೀರಲ್ಲ," ಎಂದರು. "ನಮ್ಮ ಕಡೆ ಇದ್ದಾಗ ಹಿಂಗ ಇದ್ದಿದ್ದಿಲ್ಲ."

ನಾಲಿಗೆಯ ತುದಿಗೆ ಬಂತು. ಆ ಹಳೆಯ ಚೀಲವನ್ನು ನಾನು ಎಸೆದಿರಲಿಲ್ಲ. ಗೋಣಿಯಲ್ಲಿ ಸುತ್ತಿ ಅದೇ ಡಿಕ್ಕಿಯಲ್ಲಿ ಇಟ್ಟಿದ್ದೆ, ಅವರ ಅಂಗೈಯ ಕೆಳಗೇ ಇತ್ತು. ತೆಗೆದು ತೇಪೆಯನ್ನು ತೋರಿಸಿ, ಇದು ಯಾರ ಕಾಲದ್ದು ಹೇಳಿರಿ ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ನಾದಿನಿ, "ಭಾವಾರ, ಅಕ್ಕನ ಹಾಸಿಗಿ ಅವ್ವನ ಖೋಲ್ಯಾಗೇ ಹಾಕ್ತೀನ್ರಿ. ಡಾಕ್ಟರು ಒಂದಿಷ್ಟ್ ದಿನ ಅಲುಗಾಡಿಸ್ಬ್ಯಾಡ್ರಿ ಅಂದಾರ," ಎಂದು ಕೂಗಿ ಹೇಳಿದಳು. ನನ್ನ ಹೆಂಡತಿ ಇನ್ನು ಈ ಮನುಷ್ಯನ ಮನೆಯಲ್ಲಿ, ಈ ಮನುಷ್ಯನ ಅನ್ನ ಉಂಡು ಮಲಗಬೇಕಾಗಿತ್ತು. ನಾನು ಡಿಕ್ಕಿ ತೆರೆಯಲಿಲ್ಲ. "ಹೊಸಾದು. ಕೂಡ್ತದಂತ," ಎಂದೆ. ಗ್ಯಾರೇಜಿನವನ ಮಾತನ್ನೇ ಕನ್ನಡಕ್ಕೆ ತಿರುಗಿಸಿ ಹೇಳಿದ್ದೆನೆಂದು ಹೇಳಿದ ಮೇಲೆ ಹೊಳೆಯಿತು.

ಒಬ್ಬನೇ ನಾಶಿಕಕ್ಕೆ ವಾಪಸು ಬಂದೆ. ದಾರಿಯಲ್ಲಿ ಯೇವಲಾದವನ ಗಾದಿಯನ್ನು ಒಪ್ಪಿಸಿದೆ. ಮರುದಿನವೇ ಅಂಬಡಕ್ಕೆ ಹೋಗಿ ಗ್ಯಾರೇಜಿನ ಮಾಲೀಕನ ಮುಂದೆ ನಿಂತೆ. ಅವಳ ಬೆನ್ನಿನ ವಿಷಯ ತಿಳಿದಿದ್ದೂ ಸರಿಹೋಗುತ್ತದೆಂದು ಹೇಗೆ ಹೇಳಿದೆ ಎಂದು ಕೇಳಿದೆ. ಅವನು ನಿಜವಾಗಿಯೂ ಬೆರಗಾದ.

"ಕಾಕಾ, ಮೀ ಕುಠೇ? ತುಮ್ಹೀಚ್ ಮ್ಹಣಾಲಾತ್, ಚಾಲೇಲ್." ನಾನೆಲ್ಲಿ ಹೇಳಿದೆ, ನೀವೇ ನಡೆಯುತ್ತದೆ ಅಂದಿರಿ.

ನಾನು ಕೇಳಿದ್ದು ಎಂದೆ. ಕೇಳಿದ್ದಾದರೆ "ಚಾಲೇಲ್ ಕಾ" ಎನ್ನಬೇಕಿತ್ತು ಎಂದ. ನನ್ನ ಪ್ರಶ್ನೆಗೆ "ಕಾ" ಇರಲಿಲ್ಲವಂತೆ, ಅಂದರೆ ನಮ್ಮ "ಏನ್ರಿ" ಇರಲಿಲ್ಲ. ಸಾದಾ ಸ್ಪ್ರಿಂಗ್ ಆದರೂ ಸೈ ಎಂದು ಕಾಕಾ ಒಪ್ಪಿಗೆ ಕೊಟ್ಟರು, ನಾನು ಹೂಂ ಅಂದೆ ಎಂದ. ಅಲ್ಲಿ ಟೈರು ಬಿಚ್ಚುತ್ತಿದ್ದ ಇನ್ನೊಬ್ಬನೂ ತಲೆಯೆತ್ತಿ, ಹೌದು, ಕಾ ಬೇಕು ಎಂದು ಸಾಕ್ಷಿ ನುಡಿದ. ಮರಾಠಿಯವರೇ ದಿನಕ್ಕೆ ನೂರು ಸಲ "ಕಾ" ಬಿಟ್ಟು ಬರೀ ದನಿಯನ್ನೆತ್ತಿ ಪ್ರಶ್ನೆ ಕೇಳುವುದನ್ನು ಇಷ್ಟು ವರ್ಷಗಳಿಂದ ಕೇಳಿದ್ದೇನೆ. ನನ್ನ ದನಿಯೂ ಎತ್ತಿತ್ತು. ಅವನ ಯಂತ್ರದ ಗಿರಗಿರದಲ್ಲಿ ಅದು ಎತ್ತಿದ್ದು ಕೇಳಿಸದಿದ್ದರೆ ತಪ್ಪು ಯಾರದು? ಆದರೆ ದನಿ ಎತ್ತಿದ್ದಕ್ಕೆ ಯಾವ ಅಳತೆಗೋಲಿದೆ, ಯಾರ ಸಹಿಯಿದೆ? ಒಂದೇ ಶಬ್ದವನ್ನು ಇಬ್ಬರೂ ಆಡಿದ್ದೆವು. ಅವನು ಅದನ್ನು ನನ್ನ ಒಪ್ಪಿಗೆಯೆಂದು ಹಿಡಿದಿದ್ದ, ನಾನು ಅವನ ಭರವಸೆಯೆಂದು ಹಿಡಿದಿದ್ದೆ. ಅಸಲಿ ಚೀಲಗಳನ್ನೂ ಪಂಪನ್ನೂ ತರಿಸಲು ಹೇಳಿ, ಕೇಳಿದಷ್ಟು ಮುಂಗಡ ಇಟ್ಟು ಬಂದೆ. ಯಾವಾಗ ಬರುತ್ತದೆ ಎಂದದ್ದಕ್ಕೆ, "ಯೇಈಲ್, ಕಾಕಾ," ಎಂದ. ಬರುತ್ತದೆ.

ಇನ್ನೂ ಬಂದಿಲ್ಲ. ಗಾಡಿ ಪಾರ್ಕಿಂಗಿನಲ್ಲಿ ನೆಟ್ಟಗೆ ನಿಂತಿದೆ. ವಾಚ್‌ಮನ್ನನಿಗೆ ಸಂತೋಷವಾಗಿದೆ, "ಆತಾ ಏಕ್‌ದಮ್ ಉಭೀ," ಈಗ ಪೂರಾ ಎದ್ದು ನಿಂತಿತು ಎಂದು ನನ್ನನ್ನು ಅಭಿನಂದಿಸಿದ. ಆ ಉಕ್ಕು ಇಷ್ಟು ದಿನವಾದರೂ ಕೂತಿಲ್ಲ.

ಸಂಭಾಜಿನಗರದಿಂದ ಸಂಜೆಗೊಮ್ಮೆ ಫೋನು ಬರುತ್ತದೆ. ಮೊದಮೊದಲು ಹೆಂಡತಿಯ ಮೊದಲ ಮಾತು, "ಬಂತೇನ್ರಿ ಚೀಲ?" ಎಂದಿರುತ್ತಿತ್ತು. ಇಲ್ಲ ಎಂದರೆ ಹಿಂದಿನಿಂದ ಅತ್ತೆಯವರ ದನಿ. ಅವರು ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ, ಹೇಳುವುದೆಲ್ಲ ಮಗಳ ಮೂಲಕವೇ. "ಅವಸರ ಏನದಂತ ಹೇಳು ಅವರಿಗೆ. ಛಲೋತ್ನಾಗಿ ರಿಪೇರಿ ಆಗ್ಲಿ." ಅವರ ದನಿ ಈಗ ಗಟ್ಟಿಯಾಗಿದೆ. ಎರಡು ಹೊತ್ತೂ ಉಣ್ಣುತ್ತಾರಂತೆ. ತಾಯಿ ಮಗಳು ಮಲಗಿದಲ್ಲಿಯೇ ಹಳೆಯ ಸುದ್ದಿಗಳನ್ನು ಮಾತಾಡಿ ನಗುತ್ತಾರೆಂದು ನಾದಿನಿ ಹೇಳಿದಳು. ಬರಬರುತ್ತ ಚೀಲದ ಪ್ರಶ್ನೆ ಫೋನಿನ ಮೊದಲಿನಿಂದ ಕೊನೆಗೆ ಸರಿಯಿತು. ಆಮೇಲೆ ಕೆಲವು ದಿನ ಅದು ಬರಲೇ ಇಲ್ಲ.

ನಿನ್ನೆ ಹೆಂಡತಿ ಫೋನು ಮಾಡಿದಾಗ, ಊಟಕ್ಕೇನು ಮಾಡಿಕೊಂಡಿರಿ, ಬಟ್ಟೆ ಒಗೆಯುವವಳು ಬಂದಳೇ ಎಂದೆಲ್ಲ ವಿಚಾರಿಸಿದಳು. ಆಮೇಲೆ, "ಚೀಲ ಬಂದ್ರೂ ನಾ ಇನ್ನೊಂದಿಷ್ಟ್ ದಿನ ಇಲ್ಲೇ ಇರ್ತೀನಿ. ಅವ್ವ ಈಗ ನನ್ನ ಕೈ ಬಿಡಾಂಗಿಲ್ಲ," ಎಂದಳು. ಮತ್ತೆ ಸ್ವಲ್ಪ ತಡೆದು, "ನಡೀತದ," ಎಂದಳು.

ಅವಳ ದನಿ ಕೊನೆಗೆ ಎತ್ತಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳಿದಳೋ, ಹೇಳಿದಳೋ. ಕೇಳಿದ್ದಾದರೆ "ನಡೀತದೇನ್ರಿ" ಎನ್ನಬೇಕಿತ್ತು. ಹಾಗೆಂದು ಎತ್ತಿ ತೋರಿಸುವುದು ನನ್ನಿಂದಾಗಲಿಲ್ಲ.

"ನಡೀತದ," ಎಂದೆ.